“ಟೈಮರ ಎಲ್ಲಿ ಸಿಗತೈತ್ರೀ ಅಕ್ಕಾರ?”

ಕೈಯಲ್ಲಿ ಹೆಣಿಗೆ ಕಡ್ಡಿ ಕಂಡರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. “ಅಡಗಿ ನೀವ ಮಾಡ್ತೀರಿ, ಮನಿ ಕೆಲಸಾನೂ ನೀವ ಮಾಡ್ತೀರಿ. ಮತ್ತ ಇದಕ್ಕೆಲ್ಲಾ ಟೈಮರ ಎಲ್ಲಿ ಸಿಗತೈತ್ರೀ ಅಕ್ಕಾರ?” ಧಾರವಾಡದ ನಮ್ಮ ಓಣಿಯಲ್ಲಿ ಕೇಳುತ್ತಾರೆ. ಮದುವೆಮನೆಯಲ್ಲಿ ಕೇಳುತ್ತಾರೆ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳುತ್ತಾರೆ. ಮೊಬೈಲ್ ನೋಡುತ್ತ ಕೂತವರನ್ನು ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಇರಲಿ.

ಇಷ್ಟು ದಿನ “ಹೆಂಗೋ ಆಗತೈತ್ರಿ” ಅಂತ ನಕ್ಕು ಬಿಡುತ್ತಿದ್ದೆ. ಆದರೆ ಕೇಳುವವರಲ್ಲಿ ಕೆಲವರಿಗೆ ನಿಜವಾಗಿಯೂ ಉತ್ತರ ಬೇಕಿರುತ್ತದೆ. ಅವರಿಗೂ ಹೆಣೆಯುವ ಆಸೆ ಇದೆ, ಕಡ್ಡಿ ತಂದು ಇಟ್ಟಿದ್ದಾರೆ, ಪುರಸೊತ್ತು ಸಿಗಲಿ ಅಂತ ಕಾಯುತ್ತಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೇ: ಪುರಸೊತ್ತು ಸಿಗುವುದಿಲ್ಲ. ಟೈಮ್ ಸಿಗುವುದು ಅಡುಗೆಮನೆಯಲ್ಲೇ, ಅದೂ ತುಂಡು ತುಂಡಾಗಿ.

ಮೊದಲು ಲೆಕ್ಕ ನೋಡೋಣ. ಎದೆ ಸುತ್ತಳತೆ 36 ಇಂಚಿನ ಒಂದು ಸಾದಾ ಸ್ವೆಟರ್. ಮಧ್ಯಮ ದಪ್ಪದ ದಾರ, ಇಂಚಿಗೆ 5 ಸ್ಟಿಚ್, ಎತ್ತರಕ್ಕೆ ಇಂಚಿಗೆ 7 ಸಾಲು ಅಂದುಕೊಳ್ಳಿ. ಸುತ್ತಲೂ 180 ಸ್ಟಿಚ್ ಆಯಿತು. ಉದ್ದ 22 ಇಂಚು ಅಂದರೆ 154 ಸಾಲು. ಬರೀ ಮೈಗೆ 27 ಸಾವಿರಕ್ಕೂ ಜಾಸ್ತಿ ಸ್ಟಿಚ್. ಎರಡು ತೋಳು ಸೇರಿಸಿದರೆ ಅಂದಾಜು 43 ಸಾವಿರ. ಗಾಬರಿ ಆಗಬೇಡಿ. ಕೈ ಪಳಗಿದ ಮೇಲೆ ನಿಮಿಷಕ್ಕೆ 25 ಸ್ಟಿಚ್ ಆರಾಮಾಗಿ ಆಗುತ್ತದೆ. ಎಲ್ಲ ಸೇರಿ ಸುಮಾರು 29 ತಾಸು. ದಿನಕ್ಕೆ 20 ನಿಮಿಷ ಹೆಣೆದರೆ ಮೂರು ತಿಂಗಳೊಳಗೆ ಸ್ವೆಟರ್ ಮುಗಿಯಿತು. ಅಂದರೆ ದಸರಾಕ್ಕೆ ಶುರು ಮಾಡಿದ್ದು ಸಂಕ್ರಾಂತಿಯ ಚಳಿಗೆ ಮೈಮೇಲೆ ಬರುತ್ತದೆ.

ಆ 20 ನಿಮಿಷ ಎಲ್ಲಿಂದ ಬಂತು? ಅಡುಗೆಯಲ್ಲಿ ನಾವು ಮಾಡುವುದಕ್ಕಿಂತ ಕಾಯುವುದೇ ಜಾಸ್ತಿ. ಬೇಳೆ ಬೇಯಬೇಕು, ಹಾಲು ಕಾಯಬೇಕು, ಹಿಟ್ಟು ನೆನೆಯಬೇಕು. ಈ ಕಾಯುವ ಹೊತ್ತಿನಲ್ಲಿ ನಾವು ಸುಮ್ನೆ ನಿಂತಿರುತ್ತೇವೆ, ಇಲ್ಲಾ ಒರೆಸಿದ ಕಟ್ಟೆಯನ್ನೇ ಇನ್ನೊಮ್ಮೆ ಒರೆಸುತ್ತೇವೆ. ಆದರೆ ಎಲ್ಲ ಕಾಯುವಿಕೆಯೂ ಒಂದೇ ಥರ ಅಲ್ಲ. ಯಾವ ಅಡುಗೆಗೆ ಯಾವ ಹೆಣಿಗೆ ಅಂತ ಜೋಡಿಸಿಕೊಳ್ಳುವುದರಲ್ಲೇ ಎಲ್ಲ ಇದೆ.

ಹಾಲು ಕಾಯಿಸುವಾಗ ಕಣ್ಣು ಪಾತ್ರೆಯ ಮೇಲೇ ಇರಬೇಕು. ಹಾಗಾಗಿ ನೋಡದೆ ಹೆಣೆಯಲು ಬರುವಂಥದ್ದೇ ಬೇಕು: ಬರೀ ಸೀದಾ ಸಾಲು, ಮಫ್ಲರೋ ಮಗುವಿನ ಹೊದಿಕೆಯೋ. ಒಲೆಯಿಂದ ಒಂದು ಹೆಜ್ಜೆ ದೂರ ನಿಂತು ಹೆಣೆಯಿರಿ, ದಾರದ ಉಂಡೆ ಚೀಲದಲ್ಲಿರಲಿ. ಕುಕ್ಕರಿನಲ್ಲಿ ಬೇಳೆ ಇಟ್ಟಾಗ ಎರಡು ಸಾಲಿಗೊಮ್ಮೆ ಬದಲಾಗುವ ಸಣ್ಣ ಡಿಸೈನ್ ನಡೆಯುತ್ತದೆ, ಯಾಕೆಂದರೆ ಸೀಟಿಯ ಲೆಕ್ಕ ಕಿವಿ ಇಡುತ್ತದೆ, ಸಾಲಿನ ಲೆಕ್ಕ ಕೈ ಇಡುತ್ತದೆ. ಎರಡೂ ಲೆಕ್ಕ ಕಲಸಿಹೋಗುವ ದಿನ ಸಾರು ಸ್ವಲ್ಪ ಜಾಸ್ತಿ ನುಣ್ಣಗಾಗುತ್ತದೆ, ಅಷ್ಟೇ.

ಹೋಳಿಗೆ ದಿನ ನನಗೆ ಬಹಳ ಇಷ್ಟ. ಕಡಲೆಬೇಳೆ ಬೇಯುವಾಗ ಒಂದಿಷ್ಟು ಹೊತ್ತು. ಬೆಲ್ಲ ಹಾಕಿ ಹೂರಣ ಗೊಟಾಯಿಸುವಾಗ ಕಡ್ಡಿ ಮುಟ್ಟುವ ಹಾಗಿಲ್ಲ, ತಳ ಹಿಡಿದರೆ ಹಬ್ಬ ಕೆಟ್ಟಂತೆ. ಆದರೆ ಕಣಕ ನಾದಿ, ಎಣ್ಣೆ ಹಾಕಿ ಮುಚ್ಚಿಟ್ಟ ಮೇಲೆ ಒಂದೂವರೆ ಎರಡು ತಾಸು ಯಾರೂ ನಿಮ್ಮನ್ನು ಕರೆಯುವುದಿಲ್ಲ. ಸ್ವೆಟರಿನ ಕುತ್ತಿಗೆ, ತೋಳು ಜೋಡಿಸುವುದು, ಎಣಿಸಿ ಎಣಿಸಿ ಸ್ಟಿಚ್ ಎತ್ತಿಕೊಳ್ಳುವುದು, ಇಂಥ ತಲೆ ಬೇಡುವ ಕೆಲಸವನ್ನೆಲ್ಲ ನಾನು ಕಣಕ ನೆನೆಯುವ ಹೊತ್ತಿಗೆ ಎತ್ತಿಡುತ್ತೇನೆ. ನಮ್ಮ ಮನೆಯ ಎಷ್ಟೋ ಕುತ್ತಿಗೆಗಳು ಹಬ್ಬದ ದಿನ ಆದವು.

ಕೆಲವು ಅಡುಗೆಗೆ ಹೆಣಿಗೆ ಹೊಂದುವುದೇ ಇಲ್ಲ. ಜೋಳದ ರೊಟ್ಟಿ ಬಡಿಯುವಾಗ ಎರಡೂ ಕೈ ಅದಕ್ಕೇ ಬೇಕು. ಒಗ್ಗರಣೆ ಅಂತೂ ಕೇಳಲೇಬೇಡಿ. ಹಣ್ಣು ಮೆಣಸಿನಕಾಯಿ ಕುಟ್ಟಿ ರಂಜಕ ಮಾಡಿದ ದಿನ ಉಲ್ಲನ್ ಚೀಲವನ್ನು ಮುಟ್ಟುವುದೇ ಇಲ್ಲ. ಎಷ್ಟು ತೊಳೆದರೂ ಬೆರಳಲ್ಲಿ ಖಾರ ಉಳಿದಿರುತ್ತದೆ. ಆ ದಾರ ನಾಳೆ ಯಾವುದೋ ಕೂಸಿನ ಕುಲಾಯಿ ಆಗುವುದಿದೆ ಅಲ್ವಾ.

ಅರಿಶಿನದ ಬಗ್ಗೆಯೂ ಕೇಳುತ್ತಾರೆ. ಅಡುಗೆಮನೆಯಲ್ಲಿ ಬಿಳಿ ದಾರ ಅಂದರೆ ಭಯವೇ. ಬಣ್ಣ ಹಿಡಿಯಲು ಪಟಿಕದಂಥದ್ದು ಏನೂ ಬೇಡದೆ ಹತ್ತಿಗೂ ಉಣ್ಣೆಗೂ ನೇರವಾಗಿ ಹತ್ತಿಕೊಳ್ಳುವ ಬಣ್ಣ ಅರಿಶಿನದ್ದು. ಸೋಪು ತಾಗಿದರೆ ಕೆಂಪಗೆ ತಿರುಗಿ ಇನ್ನೂ ಹೆದರಿಸುತ್ತದೆ. ಅದು ಸೋಪಿನ ಕ್ಷಾರದ ಆಟ. ಚೆನ್ನಾಗಿ ಜಾಲಾಡಿಸಿ ಬಿಸಿಲಿಗೆ ಹಾಕಿ. ಅರಿಶಿನಕ್ಕೆ ಬಿಸಿಲು ಆಗಿಬರುವುದಿಲ್ಲ, ಬಣ್ಣ ತಾನೇ ಮಾಸುತ್ತಾ ಹೋಗುತ್ತದೆ.

ತುಂಡು ಹೊತ್ತಿನಲ್ಲಿ ಹೆಣೆಯುವವರಿಗೆ ಒಂದೇ ಶಿಸ್ತು ಬೇಕು: ಎಲ್ಲಿ ಬಿಟ್ಟೆ ಅಂತ ಗೊತ್ತಿರಬೇಕು. ಸಾಧ್ಯವಾದಷ್ಟು ಸಾಲು ಮುಗಿಸಿಯೇ ಕಡ್ಡಿ ಕೆಳಗಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೂಲೆಯಲ್ಲಿ ಸಾಲಿಗೊಂದು ಗೀಟು ಎಳೆಯಿರಿ. ನಮ್ಮ ಮನೆಯವರು ಒಂದು ತಿಂಗಳು ಆ ಗೀಟುಗಳನ್ನೂ ಹಾಲಿಗೆ ಸೇರಿಸಿ ಹಾಲಿನವನಿಗೆ ದುಡ್ಡು ಕೊಡಲು ಹೊರಟಿದ್ದರು. ಆಮೇಲಿಂದ ನನ್ನ ಗೀಟು ಕೆಂಪು ಪೆನ್ನಿನಲ್ಲಿ.

ಟೈಮ್ ಆದಮೇಲೆ ಎರಡನೇ ಪ್ರಶ್ನೆ: ಡಿಸೈನ್ ಎಲ್ಲಿಂದ ತರ್ತೀರಿ? ಇದಕ್ಕೂ ಬೇರೆ ಟೈಮ್ ಬೇಕಾಗಿಲ್ಲ. ರೊಟ್ಟಿ ಬಡಿಯುವಾಗ ಹೆಣೆಯಲು ಆಗುವುದಿಲ್ಲ ಅಂದೆನಲ್ಲ, ಆದರೆ ಯೋಚನೆ ಮಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನನಗೆ ಹೊಳೆಯುವುದೆಲ್ಲ ಆಗಲೇ. ಹೊಳೆಯುವುದಕ್ಕೆ ಕಣ್ಣಿಗೆ ಬಿದ್ದಿರಬೇಕು, ಅಷ್ಟೇ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಅದರ ಕಲ್ಲಿನ ಜಾಲಂಧ್ರ ನೋಡಿಬಂದರೆ ಶಾಲಿನ ಜಾಳಿಗೆಗೆ ಒಂದು ನಮೂನೆ ಸಿಕ್ಕಿತು.

ಧಾರವಾಡದವರಿಗೆ ಕಸೂತಿ ಇದ್ದೇ ಇದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟೂ ಹಾಕುವ ಹಾಗಿಲ್ಲ. ಕರಿ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಕೂತಿದ್ದನ್ನು ನೋಡಿದವರಿಗೆ ಅದನ್ನು ಸ್ವೆಟರಿಗೆ ಇಳಿಸುವ ಆಸೆ ಬರದೇ ಇರುತ್ತದಾ? ಕಸೂತಿಯೂ ಲೆಕ್ಕ, ಹೆಣಿಗೆಯೂ ಲೆಕ್ಕ.

ಆದರೆ ನೇರವಾಗಿ ಇಳಿಸಿದರೆ ಗೋಪುರ ಕುಸಿದು ಕೂರುತ್ತದೆ. ಕಾರಣ ಸುಲಭ. ಕಸೂತಿಯ ಲೆಕ್ಕದ ಮನೆ ಹೆಚ್ಚುಕಮ್ಮಿ ಚೌಕ. ಹೆಣಿಗೆಯ ಸ್ಟಿಚ್ ಚೌಕ ಅಲ್ಲ, ಅಗಲ ಜಾಸ್ತಿ, ಎತ್ತರ ಕಮ್ಮಿ. ಇಂಚಿಗೆ 5 ಸ್ಟಿಚ್, 7 ಸಾಲು ಅಂದೆನಲ್ಲ. 35 ಮನೆ ಅಗಲ, 35 ಮನೆ ಎತ್ತರದ ತೇರನ್ನು ಹೆಣೆದರೆ ಅದು 7 ಇಂಚು ಅಗಲ, 5 ಇಂಚು ಎತ್ತರ ಆಗುತ್ತದೆ. ಹಾಗಾಗಿ ಚೌಕದ ಗ್ರಾಫ್ ಪುಸ್ತಕ ಬೇಡ. ಅಡ್ಡಕ್ಕೆ 5 ಮನೆ ಬರುವಷ್ಟರಲ್ಲಿ ಉದ್ದಕ್ಕೆ 7 ಮನೆ ಬರುವಂತೆ ನೀವೇ ಗೆರೆ ಹಾಕಿಕೊಂಡು ಚಿತ್ರ ಬರೆಯಿರಿ. ಬೇಕಾದಲ್ಲಿ ಎತ್ತರಕ್ಕೆ ಸಾಲು ಸೇರಿಸಿ. ತೇರಿನ ಗಾಲಿ ದುಂಡಗೆ ಕಾಣುವವರೆಗೆ ರಬ್ಬರ್ ಸವೆಯುತ್ತದೆ, ಸವೆಯಲಿ.

ಇನ್ನೊಂದು ತೊಡಕು ಹಿಂಬದಿಯದು. ಎರಡು ಬಣ್ಣದಲ್ಲಿ ಹೆಣೆಯುವಾಗ ಆ ಹೊತ್ತಿಗೆ ಬೇಡದ ದಾರ ಹಿಂದೆ ಉದ್ದಕ್ಕೆ ಹಾಯುತ್ತದೆ. ಒಂದು ಇಂಚಿಗಿಂತ ಜಾಸ್ತಿ ಬಿಟ್ಟರೆ ತೋಳಿಗೆ ಕೈ ಹಾಕುವಾಗ ಬಳೆ, ಉಂಗುರ ಸಿಕ್ಕಿಕೊಳ್ಳುತ್ತದೆ. ನಡುನಡುವೆ ಆ ದಾರವನ್ನು ಸಿಕ್ಕಿಸಿಕೊಳ್ಳಬೇಕು. ಜೊತೆಗೆ ಬಟ್ಟೆ ಎರಡು ಪದರ ಆದಂತಾಗಿ ಬಹಳ ಬೆಚ್ಚಗಾಗುತ್ತದೆ. ಧಾರವಾಡದ ಚಳಿಗೆ ಅಷ್ಟೆಲ್ಲ ಬೇಡ. ಎದೆ ಮೇಲೋ ಅಂಚಿಗೋ ಒಂದು ಪಟ್ಟಿ ಸಾಕು.

ಚಳಿ ಅಂದಮೇಲೆ ನೆನಪಾಯಿತು. “ಈ ಊರಾಗ ಉಲ್ಲನ್ ಯಾಕ ಬೇಕ್ರಿ?” ಅಂತಲೂ ಕೇಳುತ್ತಾರೆ. ಹೆಣಿಗೆ ಅಂದರೆ ಉಣ್ಣೆಯೇ ಆಗಬೇಕು ಅಂತ ಯಾರು ಹೇಳಿದರು? ಈಜಿಪ್ಟಿನಲ್ಲಿ ಸಿಕ್ಕಿರುವ ಬಹಳ ಹಳೆಯ ಹೆಣಿಗೆಯ ಕಾಲುಚೀಲಗಳು ಹತ್ತಿಯವು, ನೀಲಿ ಬಿಳಿ ಬಣ್ಣದವು. ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಖಾದಿ ನೇಯುವ ಜಿಲ್ಲೆಯವರು ನಾವು, ನಮಗೆ ಹತ್ತಿ ಹೊಸದಲ್ಲ. ನಾನು ಜಾಸ್ತಿ ಹೆಣೆಯುವುದು ಹತ್ತಿಯಲ್ಲೇ. ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣ ಇಲ್ಲ. ತೂಕವೂ ಜಾಸ್ತಿ, ತೊಟ್ಟಂತೆ ಕೆಳಗಿಳಿಯುತ್ತದೆ. ಅದಕ್ಕೆ ತೋಳಿನ ಕೊನೆ, ಕೆಳಗಿನ ಅಂಚು ಎರಡನ್ನೂ ಒಂದು ನಂಬರ್ ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಬೇಕು.

ತೊಟ್ಟಿಲು ಕಾರ್ಯಕ್ಕೆ ಕುಲಾಯಿ ಹೆಣೆಯುವುದಾದರೆ ಹತ್ತಿಯೇ ಸರಿ. ಅದರಲ್ಲಿ ಜಾಳಿಗೆ ಡಿಸೈನ್ ಬೇಡ. ಕೂಸಿನ ಬೆರಳು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲ ತಿಂಗಳೂ ಹೆಣೆಯುತ್ತೇನೆ ಅಂದುಕೊಳ್ಳಬೇಡಿ. ಏಪ್ರಿಲ್, ಮೇನಲ್ಲಿ ಬೆವರಿದ ಬೆರಳಿಗೆ ದಾರ ಅಂಟುತ್ತದೆ, ಕಡ್ಡಿ ಜಾರುವುದಿಲ್ಲ. ಆಗ ಮಾಳಿಗೆ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆಯ ಕಾಲ. ಮಳೆಗಾಲದಲ್ಲಿ ಹೆಣೆಯಬಹುದು, ಆದರೆ ತೊಳೆದದ್ದು ಒಣಗುವುದಿಲ್ಲ. ಅದಕ್ಕೇ ದಸರಾದ ಲೆಕ್ಕ.

ಬಸ್ಸಿಗೆ ಬೇರೆ ಕೆಲಸ. ಚಿಗರಿಯಲ್ಲಿ ಸೀಟು ಸಿಕ್ಕರೆ ಮಾತ್ರ ಚೀಲ ಬಿಚ್ಚುತ್ತೇನೆ. ಉದ್ದ ಕಡ್ಡಿ ಪಕ್ಕದವರ ಪಕ್ಕೆಗೆ ತಾಗುತ್ತದೆ, ಅದಕ್ಕೆ ನಡುವೆ ವೈರ್ ಇರುವ ಕಡ್ಡಿ ಒಳ್ಳೆಯದು. ಉಂಡೆ ಕೈಜಾರಿದರೆ ಹತ್ತು ಜನರ ಚಪ್ಪಲಿ ಸುತ್ತಿ ಡ್ರೈವರ್ ತನಕ ಹೋಗುತ್ತದೆ. ಆದರೂ ಈ ಪ್ರಶ್ನೆ ಜಾಸ್ತಿ ಹುಟ್ಟುವುದೂ, ಹೆಣಿಗೆ ಕಲಿಯುವವರು ಸಿಗುವುದೂ ಅಲ್ಲೇ.

“ಮಾರ್ತೀರೇನ್ರಿ?” ಇಲ್ಲ. ತಾಸಿಗೆ 50 ರೂಪಾಯಿ ಹಿಡಿದರೂ 29 ತಾಸಿಗೆ 1,450 ಆಯಿತು. ದಾರದ ದುಡ್ಡು ಬೇರೆ. ಅಷ್ಟು ಹೇಳಿದರೆ “ಅಂಗಡ್ಯಾಗ ಆರನೂರಕ್ಕ ಸಿಗತಾವಲ್ರೀ” ಅನ್ನುತ್ತಾರೆ. ಸಿಗುತ್ತವೆ ನಿಜ. ಅಲ್ಲೇ ತಗೊಳ್ಳಿ ಅನ್ನುತ್ತೇನೆ. ಬೇಕಾದವರಿಗೆ ಸುಮ್ನೆ ಕೊಡುವುದರಲ್ಲಿ ಈ ಚೌಕಾಸಿ ಇಲ್ಲ.

ಇನ್ನು ಶುರು ಮಾಡುವವರಿಗೆ. ಸ್ವೆಟರ್ ಆಮೇಲೆ. ಮೊದಲು ಅಡುಗೆಮನೆಗೇ ಒಂದು ಮಸಿ ಅರಿವೆ ಹೆಣೆಯಿರಿ. 8 ನಂಬರಿನ ಕಡ್ಡಿ ತನ್ನಿ. ನಮ್ಮಲ್ಲಿ ಸಿಗುವ ಹಳೇ ಲೆಕ್ಕದ ಕಡ್ಡಿಯಲ್ಲಿ ಅದು 4 ಮಿಲಿಮೀಟರ್. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ, ಗೊಂದಲ ಮಾಡಿಕೊಳ್ಳಬೇಡಿ. 40 ಸ್ಟಿಚ್ ಹಾಕಿ, ಚೌಕ ಆಗುವವರೆಗೆ ಬರೀ ಸೀದಾ ಹೆಣೆಯಿರಿ. ಹಾಲು ಕಾಯುವಷ್ಟು ಹೊತ್ತು, ದಿನಾ. ಅಂಗಡಿಯವರು ಅಗ್ಗ ಅಂತ ಅಕ್ರಿಲಿಕ್ ದಾರ ಕೊಡಲು ನೋಡುತ್ತಾರೆ. ಅದು ಬೇಡ. ಅಕ್ರಿಲಿಕ್ ಬಿಸಿಗೆ ಕರಗುತ್ತದೆ, ಸುಡುವ ಪಾತ್ರೆ ಹಿಡಿದರೆ ಕೈಗೇ ಅಂಟಿಕೊಳ್ಳುತ್ತದೆ. ಹತ್ತಿಯದೇ ಕೇಳಿ, ದಪ್ಪ ಇರಲಿ. ಬಣ್ಣ ಕಡು ನೀಲಿಯೋ ಕರಿಯದೋ ತಗೊಳ್ಳಿ, ಏನೇ ಆದರೂ ಅದು ಮಸಿ ಅರಿವೆ ಅಲ್ವಾ.