ಗಿಟಾರನ್ನು ಮೊದಲು ಏಕತಾರಿ ಮಾಡಿಕೊಂಡೆ

8 ಜೂನ್ 2025, ಭಾನುವಾರ
ರಾಯಚೂರು

ಇವತ್ತು ಒಂದು ಪಲ್ಲವಿ ಪೂರ್ತಿ ಬಂತು. ಗಿಟಾರೂ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ. ಹೇಗೆ ಬಂತು ಅನ್ನೋದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ. ನನ್ನ ಹಾಗೆ ಒದ್ದಾಡುತ್ತಿರುವವರು ಈ ಕಡೆ ಇನ್ನೂ ಇದ್ದಾರೆ, ಅವರಿಗೂ ಆಗಲಿ.

ಬರೀ ಬಾರಿಸು ಅಂದರೆ ಬಾರಿಸುತ್ತೇನೆ. ಬರೀ ಹಾಡು ಅಂದರೂ ಸರಿ, ಗಣೇಶನ ಪೆಂಡಾಲಿನಲ್ಲಿ ಮೈಕ್ ಕೊಟ್ಟರೆ ಬೇಡ ಅನ್ನುವ ಪೈಕಿ ನಾನಲ್ಲ. ಎರಡೂ ಒಟ್ಟಿಗೆ ಅಂದ ಕೂಡಲೇ ಬಲಗೈ ಹಾಡಿನ ಬೆನ್ನು ಹತ್ತುತ್ತದೆ. ಹಾಡಿನಲ್ಲಿ ಒಂದು ಅಕ್ಷರ ಎಳೆದರೆ ಕೈ ಅಲ್ಲೇ ನಿಲ್ಲುತ್ತದೆ, ಮಾತು ಒತ್ತೊತ್ತಾಗಿ ಬಂದರೆ ಕೈಯೂ ಓಡುತ್ತದೆ. ಅದರಲ್ಲೂ ತಾಳದ ಪೆಟ್ಟು ಬಿದ್ದ ಮೇಲೆ ಅರ್ಧ ಮಾತ್ರೆ ಬಿಟ್ಟು ಶುರುವಾಗುವ ಹಾಡುಗಳಿವೆಯಲ್ಲ, ಅವು ಬಂದರಂತೂ ಕೈಗೆ ತಾನು ಯಾರ ಮಾತು ಕೇಳಬೇಕು ಅನ್ನೋದೇ ತಿಳಿಯಲ್ಲ.

ದಾರಿ ಸಿಕ್ಕಿದ್ದು ನಮ್ಮ ಓಣಿಯ ಮಠದಲ್ಲಿ. ಹೋದ ಅಮಾವಾಸ್ಯೆಗೆ ಅಲ್ಲಿ ಭಜನೆ ಇತ್ತು. ಒಬ್ಬ ಅಜ್ಜ ಒಂದು ಕೈಯಲ್ಲಿ ಏಕತಾರಿ, ಇನ್ನೊಂದು ಕೈಯಲ್ಲಿ ಚಿಟಿಕೆ ಹಿಡಿದು ತತ್ವಪದ ಹಾಡುತ್ತಿದ್ದರು. ನಾನು ಹಾಡು ಕೇಳೋದು ಬಿಟ್ಟು ಅವರ ಬೆರಳನ್ನೇ ನೋಡುತ್ತಾ ಕೂತೆ. ಹಾಡಿನ ನಡುವೆ ಚಿಟಿಕೆಯ ಕೈಯಿಂದಲೇ ಜಾರಿದ ಟವೆಲ್ ಸರಿಮಾಡಿಕೊಂಡರು, ಬಾಗಿಲ ಹತ್ತಿರ ನಿಂತವನಿಗೆ ಒಳಗೆ ಬಾ ಅಂತ ಕಣ್ಣಲ್ಲೇ ಹೇಳಿದರು. ತಂತಿ ಮಿಡಿಯುವ ಬೆರಳು ಮಾತ್ರ ತನ್ನ ಪಾಡಿಗೆ ತಾನು ಇತ್ತು. ಏಕತಾರಿಯಲ್ಲಿ ಇರೋದೇ ಒಂದು ತಂತಿ, ಒಂದು ಸ್ವರ. ಅಲ್ಲಿ ಬದಲಾಯಿಸಬೇಕಾದ್ದು ಏನೂ ಇಲ್ಲ. ಹಾಗಾಗಿ ತಲೆಯೆಲ್ಲ ಪದದ ಮೇಲೇ ಇರುತ್ತದೆ.

ಹಾಗೆ ನೋಡಿದರೆ ನಮ್ಮ ಜಿಲ್ಲೆ ಹಾಡುತ್ತಾ ಬಾರಿಸುವವರ ಜಿಲ್ಲೆಯೇ ಅಲ್ವಾ. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ ಎಲ್ಲ ಇಲ್ಲೇ. ದಾಸರು ಅಂದರೆ ಹೆಗಲಿಗೆ ತಂಬೂರಿ, ಕೈಗೆ ತಾಳ, ಕಾಲಿಗೆ ಗೆಜ್ಜೆ. ನನ್ನ ಕಷ್ಟ ಅವರಿಗೆ ಕಷ್ಟ ಅನ್ನಿಸುತ್ತಲೇ ಇರಲಿಲ್ಲವೇನೋ. ಅವರಿಗೆ ಹಾಡಿನ ನಡುವೆ ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬಿಟ್ಟು ಎಫ್ ಕಾರ್ಡ್ ಹಿಡಿಯುವ ಕೆಲಸ ಇರಲಿಲ್ಲ, ಅದೂ ನಿಜ.

ಮನೆಗೆ ಬಂದು ಗಿಟಾರನ್ನು ಏಕತಾರಿ ಮಾಡಿಕೊಂಡೆ. ಇಡೀ ಹಾಡಿಗೆ ಒಂದೇ ಕಾರ್ಡ್. ಮೆಟ್ರೊನೋಮ್ ಆ್ಯಪ್ ನಿಮಿಷಕ್ಕೆ 60 ಪೆಟ್ಟು ಬೀಳುವ ಹಾಗೆ ಇಟ್ಟು, ಪೆಟ್ಟಿಗೊಂದು ಡೌನ್, ಅಂದರೆ ತಂತಿಗಳ ಮೇಲೆ ಕೈ ಕೆಳಕ್ಕೆ ಎಳೆಯೋದು, ಅಷ್ಟೇ. ಮೇಜರ್ ಕಾರ್ಡ್ ಹಿಡಿದರೆ ಕೆಲವು ಕಡೆ ಕಿವಿಗೆ ಚುಚ್ಚುತ್ತದೆ. ಅದಕ್ಕೆ ಪವರ್ ಕಾರ್ಡ್ ಹಿಡಿದೆ. ಅದರಲ್ಲಿ ಇರೋದು ಸ ಮತ್ತು ಪ ಎರಡೇ, ತಂಬೂರಿಯನ್ನು ಶ್ರುತಿ ಮಾಡುವುದೂ ಹೆಚ್ಚಾಗಿ ಅದೇ ಎರಡು ಸ್ವರಕ್ಕೆ. ಅದರ ಮೇಲೆ ಏನು ಹಾಡಿದರೂ ಅಷ್ಟಾಗಿ ಜಗಳ ಆಗಲ್ಲ. ಮೊದಲು ಹಾಡಿನ ಸಾಲುಗಳನ್ನು ಸುಮ್ನೆ ಮಾತಾಡಿದ ಹಾಗೆ ಹೇಳಿದೆ, ಆಮೇಲೆ ಗುನುಗಿದೆ, ಆಮೇಲೆ ಹಾಡಿದೆ. ಯೂಟ್ಯೂಬ್‌ನಲ್ಲಿ ಎಲ್ಲರೂ ಮೊದಲ ದಿನವೇ ನಾಲ್ಕು ಕಾರ್ಡ್ ಹೇಳಿಕೊಟ್ಟು ಹಾಡು ಅನ್ನುತ್ತಾರೆ. ನನಗೆ ಕೇಳಿದರೆ ಅದು ಅವಸರ.

ಕೈ ಪಳಗಿದೆಯೋ ಇಲ್ಲವೋ ತಿಳಿಯೋಕೆ ಅಮ್ಮ ಇದ್ದಾಳೆ. ನಾನು ಬಾರಿಸುತ್ತಿದ್ದೆ, ಅಡುಗೆ ಮನೆಯಿಂದ ಕೂಗಿದಳು: "ಹೀರೇಕಾಯಿ ಪಲ್ಯ ಮಾಡ್ಲೋ, ಪುಂಡಿಪಲ್ಯ ಮಾಡ್ಲೋ?" ಕೈ ನಿಲ್ಲಿಸದೆ ಪುಂಡಿಪಲ್ಯ ಅಂದೆ. "ಖಾರ ಜಾಸ್ತಿ ಹಾಕ್ಲೇನು?" ಅದಕ್ಕೂ ಹೂಂ ಅಂದೆ, ತಾಳ ತಪ್ಪಲಿಲ್ಲ. ಬಾರಿಸುತ್ತಾ ಪಲ್ಯದ ಬಗ್ಗೆ ಮಾತಾಡೋಕೆ ಆದರೆ ಹಾಡೋಕೂ ಆಗುತ್ತದೆ.

ಇನ್ನೊಂದು ಕೆಲಸಕ್ಕೆ ಬಂದದ್ದು ಹೈಸ್ಕೂಲಿನ ಛಂದಸ್ಸು. ಪ್ರಸ್ತಾರ ಹಾಕೋದು, ಅಂದರೆ ಅಕ್ಷರಕ್ಕೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಗುರುತು ಹಾಕೋದು, ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದವರು ಇದನ್ನು ನೋಡಿ. ಅಭ್ಯಾಸಕ್ಕೆ ನಾನೇ ಒಂದು ಸಾಲು ಕಟ್ಟಿಕೊಂಡೆ: "ಮಳೆಯು ಬಂತು ಊರಿಗೆಲ್ಲ". ಲಘು ಗುರು ಹಾಕಿದರೆ ಮಳೆಯು, ಬಂತು, ಊರಿ, ಗೆಲ್ಲ ಅಂತ ಮೂರು ಮೂರು ಮಾತ್ರೆಗೆ ಒಡೆಯುತ್ತದೆ, ಉತ್ಸಾಹ ರಗಳೆಯ ನಡೆ. ಅಂದರೆ ಸ್ಟ್ರಮ್ಮೂ (ತಂತಿಗಳನ್ನು ಒಟ್ಟಿಗೆ ಬಾರಿಸುವ ಪೆಟ್ಟು) ಮೂರರ ಗುಂಪಿನಲ್ಲೇ ಬೀಳಬೇಕು, ಮೊದಲನೆಯದು ಜೋರು, ಉಳಿದೆರಡು ಮೆಲ್ಲಗೆ. ಎಲ್ಲರೂ ಹೇಳಿಕೊಡುವ ಆ ಡೌನ್ ಡೌನ್ ಅಪ್ ಅಪ್ ಡೌನ್ ಅಪ್ ಇದೆಯಲ್ಲ, ಅದು ನಾಲ್ಕರ ತಾಳದ್ದು. ನಮ್ಮ ಭಾವಗೀತೆ, ಜಾನಪದಗಳಲ್ಲಿ ದಾದ್ರಾ ತಾಳದ ಆರು ಮಾತ್ರೆಯವು ಬೇಕಾದಷ್ಟಿವೆ, ಅವಕ್ಕೆ ಈ ನಾಲ್ಕರದ್ದನ್ನು ತುರುಕಿದರೆ ಹಾಡುವವನ ಬಾಯಿ ಕಟ್ಟಿ ಹೋಗುತ್ತದೆ, ತಪ್ಪು ತನ್ನ ಗಂಟಲಿನದ್ದೇ ಅಂದುಕೊಂಡು ಅವನು ಗಿಟಾರ್ ಮೂಲೆಗೆ ಇಡುತ್ತಾನೆ. ಹಾಡುವಾಗ ಅಕ್ಷರ ಎಳೆಯುತ್ತೇವೆ, ಮಾತ್ರೆಯ ಲೆಕ್ಕ ಪುಸ್ತಕದಲ್ಲಿದ್ದಂತೆಯೇ ಕೂರಲ್ಲ ನಿಜ, ಆದರೂ ಜೋರು ಪೆಟ್ಟು ಯಾವ ಅಕ್ಷರದ ಮೇಲೆ ಅನ್ನೋದು ಸಿಕ್ಕಿಬಿಡುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಅನ್ನುವ ಏಳರ ನಡೆಯನ್ನು ಇನ್ನೂ ಮುಟ್ಟಿಲ್ಲ. ಅದು ಮಿಶ್ರಛಾಪು ತಾಳ, ಅದರ ಸುದ್ದಿ ಈಗ ಬೇಡ.

ಮ, ಬಂ, ಊ, ಗೆ. ಈ ನಾಲ್ಕು ಅಕ್ಷರಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದೆ. ಇಷ್ಟು ದಿನದ ಒಂದೇ ಕಾರ್ಡ್ ಬಿಟ್ಟು "ಊ" ಮೇಲೆ ಜಿ ಅಂತ ಬರೆದೆ, ಅಲ್ಲಿ ಕಾರ್ಡ್ ಬದಲು. ಸಾಲಿನ ಕೊನೆಗೆ ಕಾರ್ಡ್ ಬರೆದರೆ ಪ್ರಯೋಜನ ಇಲ್ಲ, ಅಕ್ಷರದ ನೆತ್ತಿಯ ಮೇಲೇ ಬರೆಯಬೇಕು. ಇಷ್ಟಾದ ಮೇಲೆ ಹಾಡು ಬೇರೆ, ಕೈ ಬೇರೆ ಅನ್ನಿಸಲಿಲ್ಲ. "ಊ" ಅಂದರೆ ಎಡಗೈ ತಾನಾಗಿ ಜಿಗೆ ಹೋಗುತ್ತದೆ.

ಹಾಡುವಾಗ ಎಡಗೈ ನೋಡಬಾರದು ಅನ್ನೋದೂ ಇವತ್ತು ಗೊತ್ತಾಯಿತು. ನೋಡಿದರೆ ಗದ್ದ ಎದೆಗೆ ತಾಗುತ್ತದೆ, ಕೊರಳು ಹಿಸುಕಿದ ಹಾಗಾಗಿ ಮೇಲಿನ ಸ್ವರ ಹೊರಗೆ ಬರಲ್ಲ. ಎದುರಿನ ಕ್ಯಾಲೆಂಡರ್ ನೋಡುತ್ತಾ ಹಾಡಿದೆ, ಅದೇ ಸ್ವರ ಸಲೀಸಾಗಿ ಹತ್ತಿತು. ಎಫ್ ಅನ್ನು ಬಾರ್ ಕಾರ್ಡ್ ಆಗಿ, ಅಂದರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಇಟ್ಟು ಹಿಡಿಯುವಾಗ ಇನ್ನೊಂದು ತಮಾಷೆ, ಒತ್ತುವ ಭರಕ್ಕೆ ಉಸಿರೂ ಬಿಗಿಯಾಗುತ್ತದೆ, ದನಿ ಅಲ್ಲೇ ಕಟ್. ಸದ್ಯಕ್ಕೆ ಅದರ ಜಾಗದಲ್ಲಿ ಎಫ್ ಮೇಜರ್ ಸೆವೆನ್. ಮೂರೇ ಬೆರಳು, ಕೆಳಗಿನ ಸಣ್ಣ ತಂತಿ ಖಾಲಿ. ಕೇಳುವವರಿಗೆ ಅಷ್ಟೇನೂ ವ್ಯತ್ಯಾಸ ಗೊತ್ತಾಗಲ್ಲ.

ಶ್ರುತಿಯ ವಿಷಯ. ನೆಟ್‌ನಲ್ಲಿ ಸಿಗುವ ಕಾರ್ಡುಗಳು ಮೂಲ ಗಾಯಕರ ಕಂಠಕ್ಕೆ ಹೊಂದುವಂಥವು, ನಮಗಲ್ಲ. ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುವ ಕಾಕಾ ನನ್ನ ಎರಡು ಸಾಲು ಕೇಳಿ, "ನಿಂದು ಕರಿ ಒಂದು ನೋಡಪಾ, ಅದಕ್ಕಿಂತ ಮ್ಯಾಲ ಹೋಗಬ್ಯಾಡ" ಅಂದರು. ಕರಿ ಒಂದು ಅಂದರೆ ಪೇಟಿಯ ಮೊದಲ ಕಪ್ಪು ಮನೆ, ಸಿ ಶಾರ್ಪ್ ಶ್ರುತಿ. ಗಿಟಾರಿನ ಮೊದಲ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಸಿ ಕಾರ್ಡ್ ಹಿಡಿದರೆ ಅದೇ ಬರುತ್ತದೆ. ಯಾವ ಟ್ಯೂನರ್ ಆ್ಯಪೂ ನನಗೆ ಇದನ್ನು ಹೇಳಿರಲಿಲ್ಲ.

ಹಾಗಂತ ಟ್ಯೂನರ್ ಬಿಡೋ ಹಾಗಿಲ್ಲ. ಮಹಡಿ ಮೇಲಿನ ರೂಮಿನಲ್ಲಿ ಮಧ್ಯಾಹ್ನದ ಝಳಕ್ಕೆ ತಂತಿ ಹಿಗ್ಗಿ ಬಿಗಿ ಕಡಿಮೆಯಾಗುತ್ತದೆ, ಶ್ರುತಿ ಇಳಿಯುತ್ತದೆ, ಅದರ ಜೊತೆ ನಮ್ಮ ದನಿಯೂ ಗೊತ್ತಾಗದ ಹಾಗೆ ಇಳಿಯುತ್ತದೆ. ಬರೀ ಬಾರಿಸುವವನಿಗೆ ಇದು ಬೇಗ ಕಾಣುತ್ತದೆ. ಹಾಡುವವನ ಕಿವಿ ತನ್ನ ದನಿಯಲ್ಲೇ ಇರುತ್ತದೆ, ಹಾಗಾಗಿ ಹಾಡಿಗೊಮ್ಮೆ ಟ್ಯೂನರ್ ನೋಡಲೇಬೇಕು. ಈಗ ಅಭ್ಯಾಸ ಬೆಳಿಗ್ಗೆಯೇ, ಬಿಸಿಲು ಏರುವ ಮುಂಚೆ.

ಈ ವಾರ ಕಾರಹುಣ್ಣಿಮೆ. ಊರು ತುಂಬ ಮುಂಗಾರು ಹಬ್ಬದ ಗದ್ದಲ, ಎತ್ತುಗಳು ಕಲ್ಲು ಎಳೆಯೋದನ್ನು ನೋಡೋಕೆ ನೆಂಟರೆಲ್ಲ ಬರುತ್ತಾರೆ. ರಾತ್ರಿ ಊಟ ಆದ ಮೇಲೆ ಯಾರಾದರೂ ಗಿಟಾರ್ ತಾ ಅಂದೇ ಅನ್ನುತ್ತಾರೆ. ಪಲ್ಲವಿ ಕೊಡಬಹುದು. ಚರಣದಲ್ಲಿ ಎ ಮೈನರ್ ಕಾರ್ಡ್ ಅರ್ಧ ಪೆಟ್ಟಿನ ಮೇಲೆ ಬರುತ್ತದೆ, ಅದು ಇನ್ನೂ ಕೂತಿಲ್ಲ. ಕೇಳಿದರೆ ಪಲ್ಲವಿಯನ್ನೇ ಎರಡು ಸಲ ಹಾಡಿ ಎಲೆ ಅಡಿಕೆ ತಟ್ಟೆ ಮುಂದೆ ತಳ್ಳುತ್ತೇನೆ.