ಬಾಗುವಾ ಜಾಂಗ್ ಲಾಗ್, ಏಳನೇ ತಿಂಗಳು: ಇನ್ನೂ ಮರ ಸುತ್ತುತ್ತಾನೇ ಇದೀನಿ

ಹೋದ್ ಸಲ ಬರೆದಾಗ ಸಿಂಗಲ್ ಪಾಮ್ ಚೇಂಜ್ (ಸುತ್ತೋ ದಿಕ್ಕು ಬದಲಿಸೋ ಮೊದಲನೇ ಪಾಠ) ಇನ್ನೇನು ಬಂದೇಬಿಡ್ತು ಅಂತ ಕೊಚ್ಕೊಂಡಿದ್ದೆ. ಬಂದಿಲ್ಲ. ಬಂದಿದ್ದು ಮಂಡಿ ನೋವು. ಅದಕ್ಕೇ ಇಷ್ಟು ದಿನ ಏನೂ ಬರೆದಿರಲಿಲ್ಲ.

ಹೊಸಬರಿಗೆ ಚಿಕ್ಕದಾಗಿ: ಊರು ಮಂಡ್ಯ ಕಡೆ, ಕೆಲಸದ ಮೇಲೆ ಬೀಜಿಂಗ್‌ಗೆ ಬಂದು ಎರಡು ವರ್ಷ ಆಯ್ತು, ವಯಸ್ಸು 41, ಹೊಟ್ಟೆ ಇದೆ. ನಾನು ಕಲೀತಿರೋ ಬಾಗುವಾ ಜಾಂಗ್ ಒಂದು ಚೀನೀ ಸಮರ ವಿದ್ಯೆ. ಬಾಗುವಾ ಅಂದ್ರೆ ಯಿಜಿಂಗ್ ಅನ್ನೋ ಹಳೇ ಚೀನೀ ಗ್ರಂಥದಲ್ಲಿ ಬರೋ ಮೂರು ಮೂರು ಗೆರೆಗಳ ಎಂಟು ಚಿಹ್ನೆ, ಜಾಂಗ್ ಅಂದ್ರೆ ಅಂಗೈ. ತಾಯ್ ಚಿ, ಶಿಂಗ್ ಯಿ, ಇದು, ಈ ಮೂರನ್ನೂ 'ಒಳಗಿನ' ವಿದ್ಯೆ ಅಂತ ಒಂದೇ ಗುಂಪಿಗೆ ಸೇರಿಸ್ತಾರೆ, ಆದ್ರೆ ತಾಯ್ ಚಿ ನೋಡಿರೋರು ಇದನ್ನ ನೋಡಿದ್ರೆ ಇವರೇನು ಹರಕೆ ಹೊತ್ಕೊಂಡಿದಾರಾ ಅನ್ಕೋತಾರೆ, ಯಾಕಂದ್ರೆ ಇಲ್ಲಿ ಮುಕ್ಕಾಲು ಪಾಲು ಟೈಮ್ ಒಂದು ಸುತ್ತಿನ ಮೇಲೆ ನಡೆಯೋದೇ ಕೆಲಸ, ಸೊಂಟದ ಮೇಲಿನ ಭಾಗ ಮಧ್ಯಕ್ಕೆ ತಿರುಗಿರುತ್ತೆ, ಕಾಲು ಮಾತ್ರ ಸುತ್ತುತ್ತಾ ಇರುತ್ತೆ.

ಜಾಗ ತಿಯೆನ್‌ಥಾನ್ ಪಾರ್ಕ್, ನಾವೆಲ್ಲ ಟೆಂಪಲ್ ಆಫ್ ಹೆವೆನ್ ಅಂತೀವಲ್ಲ ಅದು. 1420ರಲ್ಲಿ ಕಟ್ಟಿದ್ದು, ಒಳ್ಳೇ ಬೆಳೆ ಆಗ್ಲಿ ಅಂತ ಚಕ್ರವರ್ತಿಗಳು ಪೂಜೆ ಮಾಡ್ತಿದ್ದ ಜಾಗ. ಸೈಪ್ರಸ್ ಮರಗಳು ಸಾವಿರಗಟ್ಟಲೆ ಇವೆ, ಆದ್ರೆ ನೂರು ವರ್ಷ ದಾಟಿದ ಮರಕ್ಕೆ ಹಸಿರು ತಗಡು, ಮುನ್ನೂರು ದಾಟಿದ್ದಕ್ಕೆ ಕೆಂಪು ತಗಡು ಹೊಡೆದಿರ್ತಾರೆ, ಅವುಗಳ ಬುಡ ತುಳಿಯೋ ಹಂಗಿಲ್ಲ. ನಮಗೆ ಸಿಕ್ಕಿರೋದು ತಗಡಿಲ್ಲದ ಒಂದು ಎಳೇ ಮರ. ಅದರ ಸುತ್ತ ಒಂದು ಜಾಡು ಬಿದ್ದಿದೆ, ಗಾಣದೆತ್ತು ತುಳಿದಂಗೆ, ಒಂದು ಶೂ ಅಗಲ, ನುಣ್ಣಗೆ ಸಾರಿಸಿದ ನೆಲದ ಥರ. ಫೆಬ್ರವರಿಯಲ್ಲಿ ಒಂದಿನ ಹಿಮ ಬಿದ್ದು ಕರಗಿದಾಗ ನೀರು ಅಲ್ಲಿ ಮಾತ್ರ ನಿಂತು ಮರಕ್ಕೆ ಉಂಗುರ ತೊಡಿಸಿದಂಗಿತ್ತು. ಆ ಜಾಡಿನಲ್ಲಿ ನನ್ನ ಪಾಲು ಏಳು ತಿಂಗಳದ್ದು, ಉಳಿದಿದ್ದೆಲ್ಲ ನಮ್ಮ ಲಾವ್‌ಶ (ಅಂದ್ರೆ ಮೇಷ್ಟ್ರು) ಮತ್ತೆ ಅವರ ಜೊತೆಯ ರಿಟೈರ್ಡ್ ಜನದ್ದು.

ಜನವರಿ. ಒಂದು ಸುತ್ತಿಗೆ 8 ಹೆಜ್ಜೆ, ನಿಧಾನಕ್ಕೆ ಹಾಕಿದ್ರೆ 20 ಸೆಕೆಂಡ್ ಹತ್ರ. ಎಡಗಡೆ ಒಳಗಿಟ್ಟು 20 ಸುತ್ತು, ಆಮೇಲೆ ಬಲಗಡೆ ಒಳಗಿಟ್ಟು 20. ಚಳಿ ಮೈನಸ್ ಒಂಬತ್ತು, ಕೈ ಚಾಚಿ ಹಿಡ್ಕೊಂಡ್ರೆ ಗ್ಲೌಸ್ ಒಳಗೂ ಬೆರಳು ಸತ್ತೋಗುತ್ತೆ. ಅಮ್ಮನಿಗೆ ವಿಡಿಯೋ ಕಳಿಸಿದ್ದೆ, ಫೋನ್ ಮಾಡಿ ಮೊದಲು ಕೇಳಿದ್ದೇ "ಏನೋ ಅದು, ಅಪ್ರದಕ್ಷಿಣೆ ಹಾಕ್ತಿದೀಯಲ್ಲೋ, ಅದೂ ದೇವಸ್ಥಾನದ ಜಾಗ ಅಂತೀಯ". ಸರಿಯಾಗೇ ಹಿಡಿದ್ರು! ನಮ್ಮ ಲಾವ್‌ಶ ಕಲಿಸೋದ್ರಲ್ಲಿ ಶುರು ಆಗೋದೇ ಮರ ಎಡಗೈ ಕಡೆ ಬರೋ ಹಂಗೆ. ಆಮೇಲೆ ಬಲಕ್ಕೂ ಅಷ್ಟೇ ಹಾಕ್ತೀನಿ ಕಣಮ್ಮ, ಲೆಕ್ಕ ಚುಕ್ತಾ ಆಗುತ್ತೆ ಅಂದೆ, ಒಪ್ಪಲಿಲ್ಲ.

ಜನವರಿ ಕೊನೆ, ಮಂಡಿ. ದಿಕ್ಕು ಬದಲಿಸೋವಾಗ ಹೊರಗಡೆ ಕಾಲನ್ನ ಬೆರಳು ಒಳಮುಖ ಮಾಡಿ ಇಡ್ಬೇಕು, ಇದಕ್ಕೆ ಕೋ ಬು ಅಂತಾರೆ, ಆಮೇಲೆ ಇನ್ನೊಂದು ಕಾಲನ್ನ ಬೆರಳು ಹೊರಮುಖ ಮಾಡಿ ತೆರೀಬೇಕು, ಅದು ಬಾಯ್ ಬು. ಈ ಎರಡು ಹೆಜ್ಜೆ ಮೇಲೇ ಇಡೀ ವಿದ್ಯೆ ನಿಂತಿದೆ. ನಾನು ಮಾಡ್ತಿದ್ದ ಕಿತಾಪತಿ ಏನಂದ್ರೆ ಕಾಲನ್ನ ಅರ್ಧ ಮಾತ್ರ ಒಳಗೆ ತಿರುಗಿಸಿ ಇಟ್ಟು, ಭಾರ ಪೂರ್ತಿ ಹಾಕಿ, ಮಿಕ್ಕಿದ್ದ ಅರ್ಧನ ಮೈ ತಿರುಗಿಸಿ ಸರಿ ಮಾಡ್ಕೋತಿದ್ದೆ. ಪಾದ ನೆಲಕ್ಕೆ ಕಚ್ಕೊಂಡಿದೆ, ಮೈ ತಿರುಗ್ತಿದೆ, ಮಧ್ಯ ಸಿಕ್ಕಾಕ್ಕೊಂಡಿದ್ದು ಮಂಡಿ. ಬಾಗಿಲ ಕೀಲನ್ನ ತಿರುಪು ಥರ ತಿರುಗಿಸಿದ್ರೆ ಏನಾಗುತ್ತೆ, ಅದೇ ಆಯ್ತು. ಬಲ ಮಂಡಿ ಒಳಭಾಗ ಊದ್ಕೊಂಡು ಮೆಟ್ರೋ ಮೆಟ್ಟಿಲು ಇಳಿಯಕ್ಕಾಗ್ತಿರಲಿಲ್ಲ. ಒಬ್ಬ ಡಾಕ್ಟರು ನೋಡಿ ಹರಿದಿಲ್ಲ, ಮೂರು ವಾರ ತಿರುಗೋದು ಬಂದ್ ಅಂದ್ರು. ತಪ್ಪು ಪೂರ್ತಿ ನಂದೇ, ಲಾವ್‌ಶ ಮೊದಲನೇ ತಿಂಗಳೇ ತೊಡೆಸಂದು ತಟ್ಟಿ ತೋರಿಸಿ ಇಲ್ಲಿಂದ ತಿರುಗು ಅಂದಿದ್ರು, ನಂಗೆ ಮ್ಯಾಂಡರಿನ್ ಅರ್ಥ ಆಗ್ಲಿಲ್ಲ, ಆದಂಗೆ ತಲೆ ಆಡಿಸಿದ್ದೆ. ಭಾಷೆ ಬರದೇ ಇರೋ ಕಡೆ ತಲೆ ಆಡಿಸೋ ಚಾಳಿ ಬಿಡಿ ಮಾರಾಯ್ರೆ, ಮಂಡಿಗೆ ಬರುತ್ತೆ.

ಫೆಬ್ರವರಿ. ಮೂರು ವಾರ ಬೆಂಚ್ ಮೇಲೆ ಕೂತು ನೋಡಿದ್ದು. ಪಕ್ಕದ ಮರದೋರು ಬೇರೆ ಪರಂಪರೆ, ಅವರು ನಾಲ್ಕೂ ಬೆರಳು ಸೇರಿಸಿ ಅಂಗೈ ಇಡ್ತಾರೆ, ಅದಕ್ಕೆ ಎತ್ತಿನ ನಾಲಿಗೆ ಅಂತಾನೇ ಹೆಸರು. ನಮ್ಮದು ಬೆರಳು ಬಿಡಿಸಿ, ಡ್ರ್ಯಾಗನ್ ಪಂಜ. ಇದು ಯಾಕೆ ಹಿಂಗೆ ಅಂದ್ರೆ, ಈ ವಿದ್ಯೆನ ಬೀಜಿಂಗ್‌ನಲ್ಲಿ ಹರಡಿದ ದೊಂಗ್ ಹಾಯ್‌ಛ್ವಾನ್ ಬೇರೆ ವಿದ್ಯೆ ಆಗ್ಲೇ ಬರ್ತಿದ್ದವರನ್ನೇ ಶಿಷ್ಯರನ್ನಾಗಿ ತಗೊಂಡು ಅವರವರಿಗೆ ಒಗ್ಗೋ ಹಂಗೆ ಕಲಿಸ್ತಿದ್ರಂತೆ. ಯಿನ್ ಫು ಅನ್ನೋರದ್ದು ಎತ್ತಿನ ನಾಲಿಗೆ. ನಮ್ಮ ಕಡೆಯವರು ಛೆಂಗ್ ಥಿಂಗ್‌ಹ್ವಾ, ಮೊದಲು ಕುಸ್ತಿ ಮಾಡ್ತಿದ್ದೋರು, ಹೊಟ್ಟೆಪಾಡಿಗೆ ಇಲ್ಲೇ ಹತ್ತಿರದ ಛೊಂಗ್‌ವೆನ್‌ಮೆನ್ ಕಡೆ ಕನ್ನಡಕದ ಅಂಗಡಿ, ಊರೆಲ್ಲ 'ಕನ್ನಡಕದ ಛೆಂಗ್' ಅಂತಾನೇ ಕರೀತಿದ್ರು. 1900ರ ಬಾಕ್ಸರ್ ಗಲಾಟೆಯಲ್ಲಿ (ವಿದೇಶಿಯರ ವಿರುದ್ಧ ಎದ್ದ ದಂಗೆ) ಜರ್ಮನ್ ಸೈನಿಕರ ಗುಂಡಿಗೆ ಸತ್ರು ಅಂತಾರೆ. ಎರಡೂ ಮರದವರು ದಿನಾ ಟೀ ಹಂಚ್ಕೊಂಡು ಕುಡೀತಾರೆ, ಒಬ್ಬರ ಅಂಗೈ ನೋಡಿ ಇನ್ನೊಬ್ಬರು ಮೂಗು ಮುರೀತಾರೆ.

ಮಾರ್ಚ್. ಈ ಲಾಗ್ ಬರೆಯಕ್ಕೆ ಕೂತಿದ್ದೇ ಇದಕ್ಕೆ. ನಡಿಗೆಗೆ ಇಲ್ಲಿ ಥಾಂಗ್ ನಿ ಬು ಅಂತಾರೆ, ಕೆಸರು ತುಳಿಯೋ ಹೆಜ್ಜೆ. ಕೆಸರು ಅಂದ ತಕ್ಷಣ ನಾನು ಮಂಡ್ಯದವನು, ನನಗ್ಯಾಕೆ ಹೇಳ್ಕೊಡ್ತೀರ ಅಂತ ನಾಟಿ ಗದ್ದೇಲಿ ಕಾಲು ಕಿತ್ತು ಕಿತ್ತು ಇಡೋ ಥರ ಆರು ತಿಂಗಳು ನಡೆದೆ, ಹಿಮ್ಮಡಿ ಮೊದಲು ಏಳೋದು, ಅಂಗಾಲು ಹಿಂದಿನವರಿಗೆ ಕಾಣ್ಸೋದು. ಲಾವ್‌ಶ ದಿನಾ ಬಯ್ಯೋದೇ ಅದಕ್ಕೆ, ಪಾದ ಮಟ್ಟಸವಾಗಿ ಏಳ್ಬೇಕು, ಮಟ್ಟಸವಾಗಿ ಮುಂದೆ ಜಾರ್ಬೇಕು, ಇಟ್ಟ ಮೇಲೂ ಅದರ ಮೇಲೆ ಭಾರ ಇರ್ಬಾರ್ದು. ಮಂಡಿ ಸರಿಹೋಗಿ ವಾಪಸ್ ಬಂದ ದಿನ ಹೆದರ್ಕೊಂಡು ನಡೀತಿದ್ದೆ, ಮುಂದಿನ ಕಾಲಿಟ್ಟು, ನೋವಾಗುತ್ತಾ ಅಂತ ನೋಡಿ, ಆಮೇಲೆ ಭಾರ ಬಿಡೋದು. "ದುಯ್ ಲ" ಅಂದ್ರು ಲಾವ್‌ಶ, ಈಗ ಸರಿ ಅಂತ. ಏಳು ತಿಂಗಳಲ್ಲಿ ಮೊದಲನೇ ಸಲ.

ಆಗ ನೆನಪಾಗಿದ್ದು ಗದ್ದೆಯೊಳಗಿನ ಕೆಸರಲ್ಲ, ಬದು. ಮಳೆ ಬಿದ್ದ ಬದು ಮೇಲೆ ನಮ್ಮಜ್ಜಿ ನಾಟಿಯವರಿಗೆ ಊಟ ತಗೊಂಡು ಹೋಗೋದು, ತಲೆ ಮೇಲೆ ಮಂಕರಿ, ಮಂಕರಿಯಲ್ಲಿ ಮುದ್ದೆ, ಸಾರಿನ ಪಾತ್ರೆ. ಒಂದು ಕೈ ಮಂಕರಿಗೆ, ಒಂದು ಕೈ ಸೀರೆ ನೆರಿಗೆಗೆ. ಪಾದ ಪೂರ್ತಿ ಇಡೋರು, ಒಂಚೂರು ಮುಂದೆ ಜಾರಿಸಿ ನೋಡೋರು, ಜಾರಲ್ಲ ಅಂತ ಗ್ಯಾರಂಟಿ ಆದ್ಮೇಲೇ ಇನ್ನೊಂದು ಕಾಲು ಎತ್ತೋರು. ಸೊಂಟದ ಕೆಳಗೆ ಮಾತ್ರ ಚಲನೆ, ಮಂಕರಿ ತೇಲ್ಕೊಂಡು ಹೋಗ್ತಿತ್ತು. ನಾನು ಹಿಂದೆ ಮಜ್ಜಿಗೆ ಚೊಂಬು ಹಿಡ್ಕೊಂಡು ಬರ್ತಾ ಅರ್ಧ ಚೆಲ್ಲಿರ್ತಿದ್ದೆ. ತಲೆಯನ್ನ ಮೇಲಿಂದ ದಾರದಲ್ಲಿ ಕಟ್ಟಿದಂಗೆ ಇಟ್ಕೋ ಅಂತ ಇಲ್ಲಿ ಹೇಳ್ತಾರಲ್ಲ, ನನಗೆ ಆ ದಾರ ಯಾವತ್ತೂ ಹತ್ತಲಿಲ್ಲ, ಮಂಕರಿ ಅಂದ್ಕೊಂಡ ತಕ್ಷಣ ಕತ್ತು ತಾನೇ ನೆಟ್ಟಗಾಯ್ತು.

ಇದನ್ನ ಮುರುಕಲು ಮ್ಯಾಂಡರಿನ್‌ನಲ್ಲಿ ಲಾವ್‌ಶಗೆ ಹೇಳಿದೆ, ಅಭಿನಯ ಸಮೇತ. ನಕ್ಕು ಅವರೊಂದು ಕಥೆ ಹೇಳಿದ್ರು. ದೊಂಗ್ ಹಾಯ್‌ಛ್ವಾನ್ ಸು ರಾಜಕುಮಾರನ ಅರಮನೆಯಲ್ಲಿ ಕೆಲಸಕ್ಕಿದ್ದಾಗ ಒಂದಿನ ಜನ ಕಿಕ್ಕಿರಿದು ತುಂಬಿದ್ರಂತೆ, ಈತ ಟೀ ತಟ್ಟೆ ಹಿಡ್ಕೊಂಡು ಯಾರಿಗೂ ತಾಗದಂಗೆ ಒಂದು ಹನಿ ಚೆಲ್ಲದಂಗೆ ಸುತ್ತಿ ಸುತ್ತಿ ಹೋಗಿದ್ದನ್ನ ನೋಡಿ ರಾಜಕುಮಾರನಿಗೆ ಇವನು ಸಾಮಾನ್ಯ ಆಳಲ್ಲ ಅಂತ ಗೊತ್ತಾಯ್ತಂತೆ. ಕಥೆ ಕಥೆನೇ ಬಿಡಿ, ಒಂದೊಂದು ಮರದ ಕೆಳಗೆ ಒಂದೊಂದು ಥರ ಹೇಳ್ತಾರೆ. ಆದ್ರೂ ನಮ್ಮಜ್ಜಿ ಆ ಅರಮನೇಲಿ ಕೆಲಸಕ್ಕಿದ್ದಿದ್ರೆ ಅಂತ ಅನ್ಸಿದ್ದು ನಿಜ.

ಏಪ್ರಿಲ್. ಪಾಪ್ಲರ್ ಮರದ ಹತ್ತಿ ಊರೆಲ್ಲ ಹಾರ್ತಿದೆ, ಬಾಯಿ ತೆಗೆದ್ರೆ ಒಳಗೆ. ನಾಲಿಗೆ ಮೇಲಕ್ಕೊತ್ತಿ ಮೂಗಲ್ಲೇ ಉಸಿರಾಡು ಅನ್ನೋ ನಿಯಮ ಈ ತಿಂಗಳು ಯಾರೂ ನೆನಪಿಸಬೇಕಾಗಿಲ್ಲ. ಒಂದು ಭಾನುವಾರ ಊರಿನ ಪಶ್ಚಿಮಕ್ಕಿರೋ ವಾನ್‌ಆನ್ ಸ್ಮಶಾನಕ್ಕೆ ಹೋಗಿ ದೊಂಗ್ ಸಮಾಧಿ ನೋಡ್ಕೊಂಡು ಬಂದೆ. ಅವರು ಸತ್ತಿದ್ದು 1882ರಲ್ಲಿ, ಮೊದಲು ಸಮಾಧಿ ಇದ್ದಿದ್ದು ಊರಿನ ಪೂರ್ವಕ್ಕೆ, ಸಾಂಸ್ಕೃತಿಕ ಕ್ರಾಂತಿ ಟೈಮಲ್ಲಿ ಹಾಳಾಗಿ ಕಲ್ಲುಗಳು ಮಣ್ಣು ಸೇರಿದ್ವು, ಆಮೇಲೆ ಶಿಷ್ಯ ಪರಂಪರೆಯವರು ಅಗೆದು ತೆಗೆದು ಇಲ್ಲಿ ನಿಲ್ಸಿದ್ರು. ಕಲ್ಲಿನ ಮೇಲಿನ ಅಕ್ಷರ ನಂಗೆ ಹತ್ತರಲ್ಲಿ ಒಂದು ಓದಕ್ಕೆ ಬಂತು.

ಕೋ ಬು ಈಗ ಗೋಡೆ ಹಿಡ್ಕೊಂಡು ದಿನಾ 50, ಭಾರ ಇಲ್ಲದೆ, ಕಾಲು ಪೂರ್ತಿ ತಿರುಗಿ ಕೂತ ಮೇಲೇ ಮೈ. ಇದರ ಉಪಯೋಗ ಏನು ಅಂತ ಮೊನ್ನೆ ಕೇಳಿದ್ದಕ್ಕೆ ಲಾವ್‌ಶ "ತಳ್ಳು" ಅಂದ್ರು. ಎದೆಗೆ ಕೈ ಕೊಟ್ಟು ತಳ್ಳಿದೆ, ಅವರು ತಡೀಲೂ ಇಲ್ಲ, ಹಿಂದಕ್ಕೂ ಹೋಗ್ಲಿಲ್ಲ, ನನ್ನ ಕಾಲ ಪಕ್ಕ ಒಂದು ಕೋ ಬು ಇಟ್ರು ಅಷ್ಟೇ, ನನ್ನ ಕೈ ಗಾಳಿಗೆ ಹೋಯ್ತು, ಅವರ ಅಂಗೈ ನನ್ನ ಬೆನ್ನಿನ ಮೇಲಿತ್ತು. 68 ವರ್ಷ ಅವರಿಗೆ. ಇನ್ನೊಂದ್ಸಲ ಅಂದೆ, ಇನ್ನೊಂದ್ಸಲಾನೂ ಅದೇ, ನಾನೇ ಮುಗ್ಗರಿಸಿ ಮರ ತಬ್ಕೊಂಡೆ.

ಸದ್ಯದ ಲೆಕ್ಕ: ಎಡ 30, ಬಲ 30, ಐದೈದು ಸುತ್ತಿಗೆ ದಿಕ್ಕು ಬದಲು, ಮಂಡಿ ಊತ ಇಲ್ಲ. ಮುಗಿಸೋವಾಗ ಒಂದು ಸುತ್ತು ಎಕ್ಸ್‌ಟ್ರಾ ಬಲಕ್ಕೆ ಹಾಕ್ತಿದೀನಿ, ಲಾವ್‌ಶ ಯಾಕೆ ಅಂತ ಕೇಳಿದ್ರು, ಅಮ್ಮ ಹೇಳಿದಾರೆ ಅಂದೆ, ಅದಕ್ಕೆ ಅವರು ಏನೂ ಅನ್ನಲಿಲ್ಲ.