ಅಡಿಕೆ ಸುಲಿಯುವವಳಿಗೆ ಫೋಟೋದ ಸೀರೆ ಬೇಡ

ಶಿವಮೊಗ್ಗದಲ್ಲಿ ನಾಟಕಗಳಿಗೆ ಉಡುಪು ಹೊಂದಿಸುವುದು ನನ್ನ ಕೆಲಸ. 1910ರ ಸುಮಾರಿನ ಮಲೆನಾಡಿನ ಹೆಂಗಸಿನ ಪಾತ್ರ ಅಂದ ತಕ್ಷಣ ಎಲ್ಲರೂ ಹಳೇ ಫೋಟೋ ಹುಡುಕುತ್ತಾರೆ. ಆಗ ಫೋಟೋ ತೆಗೆಸುವುದೇ ದೊಡ್ಡ ಸಂಭ್ರಮ. ಪೆಟ್ಟಿಗೆಯ ತಳದ ಸೀರೆ, ಇದ್ದಬದ್ದ ಒಡವೆ ಎಲ್ಲ ಮೈಮೇಲೆ ಬಂದಿರುತ್ತಿತ್ತು. ಅದೇ ವೇಷದಲ್ಲಿ ಆಕೆ ಅಡಿಕೆ ಸುಲಿಯಲು ಕೂರುತ್ತಿರಲಿಲ್ಲ, ಅಲ್ವಾ? ಹಾಗಾಗಿ ನಾನು ನಿರ್ದೇಶಕರನ್ನು ಮೊದಲು ಕೇಳುವುದು, ಈಕೆ ಬೆಳಿಗ್ಗೆಯಿಂದ ಏನೇನು ಕೆಲಸ ಮಾಡುತ್ತಾಳೆ ಅಂತ.

ಬ್ರಾಹ್ಮಣ ಮನೆಯ ಮುತ್ತೈದೆಯಾದರೆ 18 ಮೊಳದ, ಅಂದರೆ 9 ಗಜದ ನೂಲಿನ ಸೀರೆ, ಕಚ್ಚೆ ಹಾಕಿ. ಒಳಲಂಗ ಬೇಡ. ಸೆರಗಿಗೆ ಪಿನ್ನೂ ಬೇಡ, ಸುತ್ತಿ ತಂದು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದರೆ ಸಾಕು. ಉಟ್ಟ ಮೇಲೆ ಕಲಾವಿದೆಯಿಂದ ಕೊಡ ಎತ್ತಿಸುತ್ತೇನೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಿಸುತ್ತೇನೆ. ಸಡಿಲವಾದರೆ ಬಿಚ್ಚಿ ಮತ್ತೆ ಉಡಿಸುವುದೇ. ಅದೇ ಮನೆಯ ವಿಧವೆ ಅತ್ತೆಗೆ ಕೆಂಪು ಸೀರೆ, ಬೋಳಿಸಿದ ತಲೆಯ ಮೇಲೆ ಸೆರಗು, ಕುಪ್ಪಸ ಇಲ್ಲ. ಆ ಕಾಲದ ಕ್ರೌರ್ಯ ಅದು. ನೋಡಲು ಕಷ್ಟ ಅಂತ ಅದನ್ನು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ.

ಕುಪ್ಪಸಕ್ಕೆ ಹುಕ್ಕು ಹಾಕುವುದಿಲ್ಲ. ಮುಂದಿನ ಎರಡು ಚುಂಗು ಎಳೆದು ಎದೆಯ ಕೆಳಗೆ ಗಂಟು ಹಾಕಬೇಕು. ಆ ಗಂಟು ಬಿಗಿಯಾದಾಗ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ನಡಿಗೆಯೇ ಬದಲಾಗುತ್ತದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ ಇದು. ಬಟ್ಟೆಗೆ ಸಾಗರದ ಹತ್ತಿರದ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಹತ್ತಿ ಒಳ್ಳೆಯದು. ಅಡಿಕೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಕಂದು ಅಲ್ಲಿ ಸಿಗುತ್ತದೆ.

ಹಾಗಂತ ಹಳೇ ಕಾಲ ಅಂದರೆ ಬರೀ ಕಂದು ಅಂದುಕೊಳ್ಳಬೇಡಿ. ಕಾರ್ಖಾನೆಯ ನೀಲಿ 1897ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಗಾಢ ಬಣ್ಣ ತಪ್ಪಲ್ಲ, ಪಾಲಿಯೆಸ್ಟರ್ ತಪ್ಪು. ರಂಗದ ದೀಪದ ಕೆಳಗೆ ಅದರ ಹೊಳಪು ಕೊನೇ ಸಾಲಿಗೂ ಕಾಣುತ್ತದೆ.

ಹೊಸ ಸೀರೆಯ ಗಂಜಿ ಹೋಗುವ ತನಕ ಅಂಟುವಾಳದಲ್ಲಿ ಒಗೆಯಿರಿ. ಇಸ್ತ್ರಿ ಬೇಡ. ತಾಲೀಮಿನಲ್ಲಿ ಸುಮ್ನೆ ಅದನ್ನೇ ಉಡಿಸಿ, ಅಂಚು ನೆಲಕ್ಕೆ ತಾಗಿ ಸವೆಯಲಿ. ಇನ್ನು ನಾಟಿಯ ದೃಶ್ಯವಿದ್ದರೆ ಹೆಣ್ಣಾಳಿಗೆ ಕೊಡೆ ಕೊಡಬೇಡಿ, ತಲೆ, ಬೆನ್ನು ಮುಚ್ಚುವ ಗೊರಬು ಕೊಡಿ. ಸಸಿ ನೆಡಲು ಎರಡೂ ಕೈ ಬೇಕಲ್ಲ.